ಅವ್ವನ ಮಷಿನ್‌ಗೆ ಕವಿತೆ ಬೇಡ, ಎಣ್ಣೆ ಹಾಕಿ

ಕಳೆದ ತಿಂಗಳು ಪುಣೆಯ ಒಂದು ಕೆಫೆಯಲ್ಲಿ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆ ಊಟ ಇತ್ತು. ನಮಗೆ ಸಿಕ್ಕ ಮೇಜು ಹಳೆಯ ಹೊಲಿಗೆ ಮಷಿನ್ನಿನ ಕಬ್ಬಿಣದ ಸ್ಟ್ಯಾಂಡ್ ಮೇಲೆ ಗಾಜು ಕೂರಿಸಿ ಮಾಡಿದ್ದು. ಕೂತ ತಕ್ಷಣ ಕಾಲು ತಾನಾಗಿ ಪೆಡಲ್ ಮೇಲೆ ಹೋಯಿತು. ಒತ್ತಿದೆ. ಅಲ್ಲಾಡಲಿಲ್ಲ. ಬಗ್ಗಿ ನೋಡಿದರೆ ಕೆಳಗಿನ ಚಕ್ರಕ್ಕೆ ದಪ್ಪ ತಂತಿ ಸುತ್ತಿ ಚೌಕಟ್ಟಿಗೆ ಬಿಗಿದಿದ್ದಾರೆ. ಗಿರಾಕಿಗಳ ಕಾಲು ಆಡಿ ಕಾಫಿ ಚೆಲ್ಲಬಾರದಲ್ಲ! ಎದುರಿಗೆ ಕೂತಿದ್ದ ಬೆಳಗಾವಿಯ ಹುಡುಗಿ, "ಸರ್, ಥೇಟ್ ಇಂಥದ್ದೇ ನಮ್ಮಜ್ಜಿ ಮನ್ಯಾಗೂ ಇತ್ತು" ಅಂತ ಫೋಟೋ ತೆಗೆದಳು. ಅಜ್ಜಿಯ ಮಷಿನ್ ಈಗ ಎಲ್ಲಿದೆ ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ.

ನನಗೆ ಸಿಟ್ಟು ಬಂತು. ಆದರೆ ಸಿಟ್ಟು ಮಾಡುವ ಯೋಗ್ಯತೆ ನನಗಿರಲಿಲ್ಲ. ಎರಡು ವರ್ಷದ ಹಿಂದೆ ನಾನೂ ಬಡಿಗನಿಗೆ ಹೇಳಿ, ನಮ್ಮವ್ವನ ಮಷಿನ್ನಿನ ಸ್ಟ್ಯಾಂಡಿಗೆ ತೇಗದ ಹಲಗೆ ಕೂರಿಸಿ ಮಗಳಿಗೆ ಓದುವ ಮೇಜು ಮಾಡಿಸುವುದರಲ್ಲಿದ್ದೆ. ಹಾಗಾಗಿ ಈ ಜಗಳ ಕೆಫೆಯವನ ಜೊತೆ ಅಲ್ಲ. ಅವನು ವ್ಯಾಪಾರಿ, ನಮಗೆ ಬೇಕಾದ್ದನ್ನು ಮಾರುತ್ತಾನೆ. ಜಗಳ ನಮ್ಮ ಜೊತೆ. ಊರು ಬಿಟ್ಟು ಬಂದು, ಒಳ್ಳೆಯ ಸಂಬಳ ತಗೊಂಡು, ವಾರಕ್ಕೊಮ್ಮೆ ಊರು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವ ನಮ್ಮ ಜೊತೆ.

ನಮ್ಮ ಇಂಥ ಪತ್ರಿಕೆಗಳಲ್ಲಿ ಅಮ್ಮನ ಹೊಲಿಗೆ ಮಷಿನ್ನಿನ ಮೇಲೆ ಬರುವ ಕವಿತೆ, ಪ್ರಬಂಧಗಳಿಗೆ ಲೆಕ್ಕವಿಲ್ಲ. ಎಲ್ಲದರಲ್ಲೂ ಮಷಿನ್ 'ಟಕಟಕ' ಎನ್ನುತ್ತದೆ. ಅಮ್ಮ ಹರಿದದ್ದನ್ನು ಹೊಲಿಯುತ್ತಾಳೆ, ಸಂಬಂಧಗಳನ್ನೂ ಹೊಲಿಯುತ್ತಾಳೆ, ಕೊನೆಗೆ ಮಷಿನ್ ಮೂಲೆ ಸೇರುತ್ತದೆ, ಕವಿಯ ಕಣ್ಣು ಮಂಜಾಗುತ್ತದೆ. ಒಂದರಲ್ಲೂ ಬಾಬಿನ್ ಕೇಸ್ ಎಂಬ ಶಬ್ದ ಇಲ್ಲ. ಮೇಲಿನ ದಾರ ಕೆಳಗಿನ ದಾರವನ್ನು ಹೇಗೆ ಹಿಡಿಯುತ್ತದೆ ಎಂಬುದು ಬರೆದವರಲ್ಲಿ ಯಾರಿಗಾದರೂ ಗೊತ್ತೇ ಎಂಬುದು ನನ್ನ ಅನುಮಾನ. ನಮ್ಮನ್ನು ಸಾಕಿದ ವಿದ್ಯೆಯೊಂದನ್ನು ಬರೀ ಸದ್ದಾಗಿ ನೆನಪಿಟ್ಟುಕೊಂಡಿದ್ದೇವೆ. ಹೀಗೆ ನೆನೆಯುವುದು ಮರೆಯುವುದಕ್ಕಿಂತ ಒಳ್ಳೆಯದೇನಲ್ಲ.

ನನ್ನ ಕತೆ ಹೇಳುತ್ತೇನೆ. ರಾಣೆಬೆನ್ನೂರಿನ ನಮ್ಮ ಮನೆ ಖಾಲಿ ಮಾಡುವ ಹೊತ್ತು. ಅಪ್ಪ ತೀರಿಕೊಂಡಿದ್ದರು, ಅವ್ವ ಅಕ್ಕನ ಮನೆಗೆ ಹುಬ್ಬಳ್ಳಿಗೆ ಹೊರಟಿದ್ದಳು. ಕಪ್ಪು ಉಷಾ ಮಷಿನ್ ಪಡಸಾಲೆಯ ಮೂಲೆಯಲ್ಲಿ ಹಳೆಯ ಸೀರೆ ಹೊದ್ದು ನಿಂತಿತ್ತು. ಸ್ಟ್ಯಾಂಡ್ ನನಗಿರಲಿ, ಮೇಲಿನ ಮಷಿನ್ ಗುಜರಿಗೆ ಹಾಕೋಣ ಎಂದೆ. ಅವ್ವ ಬೇಡ ಅನ್ನಲಿಲ್ಲ. "ಮುರಿಯೂದಾದ್ರ ಮುರಿ ತಮ್ಮಾ. ಅದಕ್ಕಿಂತ ಮೊದಲ ಅದರಾಗ ಒಂದ ತಲಿದಿಂಬಿನ ಗವಸ ಹೊಲದು ನನಗ ಕಳಸು" ಎಂದಳು ಅಷ್ಟೇ.

ದಿಂಬಿನ ಗವಸು! ನಾಲ್ಕು ನೇರ ಹೊಲಿಗೆ. ನಾನು ಎಂಟೆಕ್ ಮಾಡಿದ್ದು ಮೆಕ್ಯಾನಿಕಲ್‌ನಲ್ಲಿ, ಐಟಿಗೆ ಬಂದದ್ದು ಆಮೇಲೆ. ಕಾಲಿನಿಂದ ತುಳಿಯುವ ಹೊಲಿಗೆ ಮಷಿನ್ ನಮ್ಮ ಯಂತ್ರಶಾಸ್ತ್ರದ ಪುಸ್ತಕಗಳಲ್ಲೇ ಉದಾಹರಣೆಯಾಗಿ ಬರುತ್ತದೆ. ಪೆಡಲ್ ಮೇಲೆ ಕೆಳಗೆ ತೂಗಿದರೆ ಸರಳು ಚಕ್ರವನ್ನು ತಿರುಗಿಸುತ್ತದೆ, ಅದು ನಾಲ್ಕು ಕೊಂಡಿಯ ಕಾರ್ಯವಿಧಾನ. ಸರಳು, ಕ್ರ್ಯಾಂಕ್ ಎರಡೂ ಒಂದೇ ಗೆರೆಗೆ ಬಂದಾಗ ಎಷ್ಟು ಒತ್ತಿದರೂ ಚಕ್ರ ತಿರುಗದು. ಅದಕ್ಕೆ ಡೆಡ್ ಸೆಂಟರ್ ಎನ್ನುತ್ತಾರೆ. ಪರೀಕ್ಷೆಯಲ್ಲಿ ಅದನ್ನು ಚಿತ್ರ ಸಮೇತ ಬರೆದು ಅಂಕ ತೆಗೆದುಕೊಂಡಿದ್ದೆ. ಒಂದು ಭಾನುವಾರದ ಕೆಲಸ ಎಂದುಕೊಂಡೆ. ಏಳು ಭಾನುವಾರ ಹಿಡಿಯಿತು.

ಮೊದಲ ಭಾನುವಾರ ಚಕ್ರವೇ ತಿರುಗಲಿಲ್ಲ. ಹಿಂದೆ ಯಾವಾಗಲೋ ನಾನೇ ಕೊಬ್ಬರಿ ಎಣ್ಣೆ ಬಿಟ್ಟಿದ್ದೆ. ಅದು ವರ್ಷಗಟ್ಟಲೆ ಧೂಳಿನ ಜೊತೆ ಸೇರಿ ಅಂಟಾಗಿತ್ತು. ಎಣ್ಣೆ ಬಿಡುವ ಪ್ರತಿ ತೂತಿಗೂ ಸೀಮೆಎಣ್ಣೆ ಬಿಟ್ಟು, ಕೈಯಿಂದ ಚಕ್ರ ಆಡಿಸಿ, ಕಪ್ಪು ರಸ ಇಳಿಯುವವರೆಗೂ ಒರೆಸಿ, ಆಮೇಲೆ ಮಷಿನ್ ಎಣ್ಣೆ ಹಾಕಬೇಕಾಯಿತು. ಹಲ್ಲುಗಳ ಮೇಲಿನ ತಗಡು ಬಿಚ್ಚಿದರೆ ಒಳಗೆ ಬಟ್ಟೆಯ ಜುಂಗು ಗಟ್ಟಿಯಾಗಿ ಒತ್ತಿಕೊಂಡು ಕೂತಿತ್ತು. ಎಬ್ಬಿದಾಗ ಬಣ್ಣ ಬಣ್ಣದ ಪದರ ಬಂದವು. ಖಾಕಿ, ಬಿಳಿ, ಕೆಂಪು. ಖಾಕಿ ನನ್ನ ಶಾಲೆಯ ಚಡ್ಡಿಯದೇ ಇರಬೇಕು. ಇಲ್ಲೊಂದು ಕವಿತೆ ಬರೆಯಬಹುದಿತ್ತು. ಬರೆಯದೆ ಬ್ರಷ್ ತಗೊಂಡು ತೆಗೆದೆ, ಯಾಕೆಂದರೆ ಆ ಜುಂಗು ಇದ್ದರೆ ಹಲ್ಲು ಮೇಲೇಳುವುದಿಲ್ಲ, ಬಟ್ಟೆ ಮುಂದೆ ಹೋಗುವುದಿಲ್ಲ.

ಎರಡನೆಯ ಭಾನುವಾರ ಕಾಲು. ಪೆಡಲ್ ತುಳಿದರೆ ಚಕ್ರ ಒಮ್ಮೆ ನನ್ನ ಕಡೆ, ಒಮ್ಮೆ ಹಿಂದಕ್ಕೆ. ಮೇಲಿನ ಕೈಚಕ್ರ ಯಾವಾಗಲೂ ನಮ್ಮ ಕಡೆಗೇ ತಿರುಗಬೇಕು. ಹಿಂದಕ್ಕೆ ಹೋದರೆ ದಾರ ಸಿಕ್ಕಿ ಹಾಕಿಕೊಳ್ಳುತ್ತದೆ. ಡೆಡ್ ಸೆಂಟರಿನಲ್ಲಿ ನಿಂತಾಗ ಕಾಲಿನ ಬಲ ಕೆಲಸಕ್ಕೆ ಬರದು, ಬಲಗೈಯಿಂದ ಚಕ್ರವನ್ನು ತುಸು ನಮ್ಮ ಕಡೆ ಎಳೆದು ಆಮೇಲೆ ತುಳಿಯಬೇಕು. ಅಷ್ಟಾದ ಮೇಲೆ ಕೆಳಗಿನ ದೊಡ್ಡ ಚಕ್ರದ ತೂಕವೇ ಮುಂದಿನ ಡೆಡ್ ಸೆಂಟರನ್ನು ದಾಟಿಸುತ್ತದೆ. ಅವ್ವ ತನ್ನ ಹತ್ತಿರ ಕಲಿಯಲು ಬರುತ್ತಿದ್ದ ಹುಡುಗಿಯರಿಗೆ ಮೊದಲ ವಾರ ದಾರವನ್ನೇ ಕೊಡುತ್ತಿರಲಿಲ್ಲ. ಗೆರೆ ಹಾಕಿದ ನೋಟ್‌ಬುಕ್ ಹಾಳೆ ಕೊಟ್ಟು, ಗೆರೆಯ ಮೇಲೆ ಬರೀ ಸೂಜಿಯ ತೂತು ಬೀಳಿಸಲು ಹೇಳುತ್ತಿದ್ದಳು. ನನಗೂ ಅದೇ ಪಾಠ. ನನ್ನ ತೂತುಗಳು ಮೂರು ಗೆರೆಗಳ ಮಧ್ಯೆ ಹಾವಿನಂತೆ ಓಡಾಡಿದವು.

ಮೂರನೆಯ ವಾರ ಪಟ್ಟಿ. ಚರ್ಮದ ಪಟ್ಟಿ ಒಣಗಿ ತುಂಡಾಗಿತ್ತು. ಹೊಸದು ತಂದು, ಬಿಗಿಯಾಗಿರಲಿ ಎಂದು ಗಿಡ್ಡ ಕತ್ತರಿಸಿ ಕೊಂಡಿ ಹಾಕಿದೆ. ತುಳಿದು ತುಳಿದು ಮೀನಖಂಡ ಹಿಡಿದುಕೊಂಡಿತು. "ಪಟ್ಟಿ ಜಾರಬಾರದು ಅಷ್ಟ. ಎತ್ತಿಗೆ ನೊಗ ಬಿಗದಂಗ ಬಿಗೀಬ್ಯಾಡ" ಅಂದಳು ಅವ್ವ, ಫೋನಿನಲ್ಲಿ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ನಾಲ್ಕನೆಯ ವಾರ ದಾರ ಹಾಕಿ ಹೊಲಿದರೆ ಬಟ್ಟೆಯ ಮೇಲೆ ಎಲ್ಲ ಚೆನ್ನ, ಕೆಳಗೆ ಕುಣಿಕೆ ಕುಣಿಕೆಯಾಗಿ ದಾರದ ರಾಶಿ. ಗಲೀಜು ಕೆಳಗಿದೆ, ಹಾಗಾದರೆ ತಪ್ಪು ಕೆಳಗಿನ ಬಾಬಿನ್‌ದು ಎಂದು ತೀರ್ಮಾನಿಸಿದೆ. ಬಾಬಿನ್ ಕೇಸಿನ ಮೇಲಿನ ಪುಟ್ಟ ಸ್ಕ್ರೂ ತಿರುಗಿಸಿದೆ. ಸರಿಯಾಗಲಿಲ್ಲ. ಇನ್ನಷ್ಟು ತಿರುಗಿಸಿದೆ. ಜೊತೆಗೆ ಸೂಜಿ ಬದಲಿಸಿದೆ, ಮೇಲಿನ ಟೆನ್ಷನ್ನಿನ ತಿರುಪೂ ತಿರುಗಿಸಿದೆ. ಒಂದು ಗಂಟೆಯಲ್ಲಿ ಮೂರು ಬದಲಾವಣೆ, ಯಾವುದರ ಲೆಕ್ಕವೂ ಇಟ್ಟಿಲ್ಲ. ಕೊನೆಗೆ ಸ್ಕ್ರೂ ಕಳಚಿ ಮಂಚದ ಕೆಳಗೆ ಉರುಳಿತು.

ನಾನು ಆಫೀಸಿನಲ್ಲಿ ಮಾಡುವ ಕೆಲಸ ಗೊತ್ತೇ? ಹೊಸಬರಿಗೆ 'ರೂಟ್ ಕಾಸ್ ಅನಾಲಿಸಿಸ್' ತರಬೇತಿ ಕೊಡುತ್ತೇನೆ. ತೊಂದರೆ ಕಾಣುವ ಜಾಗ ಬೇರೆ, ತೊಂದರೆ ಹುಟ್ಟುವ ಜಾಗ ಬೇರೆ ಇರಬಹುದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಬರೆದಿಡಿ. ನಲವತ್ತು ಸ್ಲೈಡ್ ಇವೆ.

ಅವ್ವನಿಗೆ ವಿಡಿಯೋ ಕಾಲ್ ಮಾಡಿದೆ. ಅವಳ ಕಣ್ಣು ಈಗ ಅಷ್ಟು ಕಾಣುವುದಿಲ್ಲ, ಫೋನಿನಲ್ಲಿ ಬಟ್ಟೆ ತೋರಿಸಿ ಉಪಯೋಗವಿಲ್ಲ. "ಮ್ಯಾಲ ಕೆಂಪು ದಾರ ಹಾಕು, ಬಾಬಿನ್‌ಗೆ ಬಿಳೀದು ಹಾಕು. ಹೊಲದು, ಕೆಳಗ ಯಾವ ಬಣ್ಣ ಕಾಣತೈತಿ ಹೇಳು" ಎಂದಳು. ಹಾಕಿದೆ. ಕೆಳಗೆ ಕೆಂಪು ಕುಣಿಕೆಗಳು. "ಕೆಂಪು ಅಂದ್ರ ಮ್ಯಾಲಿನ ದಾರ. ಮ್ಯಾಲಿನ ದಾರ ಸಡ್ಲ ಐತಿ, ಅದಕ್ಕ ಕೆಳಗ ಇಳದು ಬಂದೈತಿ. ಬಾಬಿನ್ ಏನ ತಪ್ಪು ಮಾಡೇತಿ? ಅದನ್ನ್ಯಾಕ ಮುಟ್ಟೀ?"

ಆಮೇಲೆ ಒಂದೇ ಪ್ರಶ್ನೆ. "ದಾರ ಹಾಕೂಮುಂದ ಫುಟ್ ಎತ್ತಿದ್ದ್ಯೋ, ಇಳಿಸಿದ್ದ್ಯೋ?" ಬಟ್ಟೆ ಒತ್ತಿ ಹಿಡಿಯುವ ಫುಟ್ ಇಳಿದಿದ್ದರೆ ಟೆನ್ಷನ್ನಿನ ಎರಡು ಬಿಲ್ಲೆಗಳು ಕಚ್ಚಿಕೊಂಡಿರುತ್ತವೆ. ದಾರ ನಡುವೆ ಇಳಿಯದೆ ಅಂಚಿನಲ್ಲೇ ಉಳಿಯುತ್ತದೆ. ಎತ್ತಿದರೆ ಬಿಲ್ಲೆಗಳು ಬಿಡುತ್ತವೆ, ದಾರ ಒಳಗೆ ಕೂರುತ್ತದೆ. ನಾನು ಇಳಿಸಿಕೊಂಡೇ ದಾರ ಹಾಕಿದ್ದೆ. ಎತ್ತಿ ಹಾಕಿದೆ. ರಾಶಿ ಮಾಯ.

ಇಪ್ಪತ್ತು ವರ್ಷದ ಅನುಭವ ಇರುವ ನಾನು ಸ್ಲೈಡಿನಲ್ಲಿ ಇಟ್ಟುಕೊಂಡದ್ದು, ಏಳನೇ ಇಯತ್ತೆ ಓದಿದ ಅವಳಿಗೆ ಕೈಯಲ್ಲಿತ್ತು. ಎರಡು ಬಣ್ಣದ ದಾರದಿಂದ, ಇನ್ನೂರೈವತ್ತು ಮೈಲಿ ದೂರದಲ್ಲಿ ಕೂತು, ಕಣ್ಣಿಲ್ಲದೆ ದೋಷ ಹುಡುಕಿದಳು. ಇದಕ್ಕೆ ನಾವು ಇಟ್ಟ ಹೆಸರು 'ಹೊತ್ತು ಹೋಗಲಿ ಅಂತ ಹೊಲೀತಿದ್ಲು'. ಬಾಬಿನ್ ಕೇಸನ್ನು ಮತ್ತೆ ಹೊಂದಿಸುವುದನ್ನೂ ಅವಳೇ ಹೇಳಿದಳು. ದಾರದ ತುದಿ ಹಿಡಿದು ಕೇಸನ್ನು ನೇತಾಡಿಸಬೇಕು. ತಾನಾಗಿ ಜಾರಬಾರದು. ಕೈ ಸ್ವಲ್ಪ ಜಗ್ಗಿದರೆ ಒಂದಿಷ್ಟು ಇಳಿದು ನಿಲ್ಲಬೇಕು. ಸ್ಕ್ರೂ ತಿರುಗಿಸುವುದು ಕಾಲು ಸುತ್ತಿಗಿಂತ ಕಡಿಮೆ, ಒಂದೊಂದೇ ಸಲ.

ಆಮೇಲೂ ನಡುನಡುವೆ ಹೊಲಿಗೆ ತಪ್ಪುತ್ತಿತ್ತು. ಪೇಟೆಯ ಹಳೆಯ ರಿಪೇರಿಯವರೊಬ್ಬರ ಹತ್ತಿರ ಮಷಿನ್ ಹೊತ್ತುಕೊಂಡು ಹೋದೆ. 'ಟೈಮಿಂಗ್ ಹೋಗಿರಬೇಕು' ಎಂದು ಜಾಣತನ ತೋರಿಸಿದೆ. ಸೂಜಿ ತೀರ ಕೆಳಗೆ ಹೋಗಿ ಎರಡು ಮಿಲಿಮೀಟರ್ ಚಿಲ್ಲರೆ ಮೇಲೆದ್ದಾಗ ದಾರ ಪಕ್ಕಕ್ಕೆ ಸಣ್ಣ ಕುಣಿಕೆಯಾಗುತ್ತದೆ. ಶಟಲ್‌ನ ಕೊಕ್ಕೆ ಆಗಲೇ ಬಂದು ಅದನ್ನು ಹಿಡಿಯಬೇಕು. ಅದನ್ನು ಓದಿಕೊಂಡು ಹೋಗಿದ್ದೆ. ಅವರು ಏನನ್ನೂ ಬಿಚ್ಚಲಿಲ್ಲ. ಸೂಜಿಯ ಸ್ಕ್ರೂ ಸಡಿಲಿಸಿ, ಸೂಜಿಯನ್ನು ಮೇಲಕ್ಕೆ ಪೂರ್ತಿ ತಾಗುವಂತೆ ತಳ್ಳಿ ಬಿಗಿದರು. ನಾನು ಅರ್ಧಕ್ಕೇ ನಿಲ್ಲಿಸಿದ್ದೆ. ದುಡ್ಡು ಬೇಡ ಎಂದರು. ಮರಾಠಿಯಲ್ಲಿ ಕೇಳಿದರು, "ಮೇಜು ಮಾಡುವುದಿಲ್ಲ ತಾನೆ?" ವಾರಕ್ಕೊಬ್ಬರು ಬಂದು ತಲೆ ಬೇಡ, ಸ್ಟ್ಯಾಂಡ್ ಇದೆಯಾ ಎಂದು ಕೇಳುತ್ತಾರಂತೆ.

ಇಷ್ಟಕ್ಕೆ ಕೆಲವರು ಹೇಳುವ ಮಾತು ನನಗೆ ಗೊತ್ತು. ಮೊದಲನೆಯದು, 'ಗುಜರಿಗೆ ಹೋಗುವುದಕ್ಕಿಂತ ಮೇಜಾಗಿಯಾದರೂ ಉಳಿಯಲಿ.' ಹುಲಿಯ ಚರ್ಮಕ್ಕೆ ಹುಲ್ಲು ತುಂಬಿ ನಿಲ್ಲಿಸಿ ಹುಲಿ ಉಳಿಸಿದೆ ಎಂದು ಯಾರೂ ಹೇಳುವುದಿಲ್ಲ. ಬಾಡಿ ಒಡೆದು ಸರಿಪಡಿಸಲು ಬಾರದ ಮಷಿನ್ ಇದ್ದರೆ ಮೇಜು ಮಾಡಿ, ನನ್ನ ತಕರಾರಿಲ್ಲ. ಆದರೆ ಹೆಚ್ಚಿನವು ಒಡೆದಿರುವುದಿಲ್ಲ, ಒಣಗಿರುತ್ತವೆ. ಈ ಕಪ್ಪು ಮಷಿನ್ನುಗಳ ಬಿಡಿಭಾಗ ಇವತ್ತಿಗೂ ಲುಧಿಯಾನಾದಲ್ಲಿ ತಯಾರಾಗುತ್ತವೆ, ಎಲ್ಲ ಪೇಟೆಯಲ್ಲೂ ಸಿಗುತ್ತವೆ. ನಾನು ತಂದ ಪಟ್ಟಿ, ಸೂಜಿ, ಬಾಬಿನ್ ಕೇಸ್, ಎಣ್ಣೆ ಎಲ್ಲ ಸೇರಿ ಒಂದು ಪಿಜ್ಜಾದ ಬೆಲೆ ಆಗಲಿಲ್ಲ. ನಮಗೆ ಬೇಡವಾದರೆ ಹೊಲಿಯುವವರಿಗೆ ಕೊಡಬಹುದು. ಮಷಿನ್ ಇಲ್ಲದೆ ಕೂತವರು ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಆಚೆಯೇ ಇದ್ದಾರೆ.

ಎರಡನೆಯದು, 'ಇದೆಲ್ಲ ಹಳೆಯದರ ವ್ಯಾಮೋಹ, ಮೋಟಾರ್ ಇರುವಾಗ ತುಳಿಯುವುದೇಕೆ?' ಸರಿ ಪ್ರಶ್ನೆ. ನಮ್ಮವ್ವ ಮೊದಲು ಕೇಳುತ್ತಿದ್ದುದೇ ಮೋಟಾರ್. ಯುಗಾದಿ, ದೀಪಾವಳಿ, ಶಾಲೆ ಶುರುವಾಗುವ ಜೂನ್, ಈ ಮೂರು ಹಂಗಾಮಿನಲ್ಲಿ ರಾತ್ರಿ ಒಂದರವರೆಗೆ ತುಳಿಯುತ್ತಿದ್ದಳು. ಕರೆಂಟ್ ಹೋದರೆ ಕಂದೀಲು ಹಿಡಿದು ನಿಲ್ಲುವ ಪಾಳಿ ನನ್ನದು. ಅವಳ ಮೊಣಕಾಲು ಹೋದದ್ದು ಆ ಪೆಡಲಿನಿಂದಲೇ. ಅದನ್ನು ತಪಸ್ಸು ಎಂದು ಹಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಇದೇ ಮಷಿನ್ನಿಗೆ ಮೋಟಾರ್ ಕೂರಿಸಬಹುದು, ಬಹಳ ದರ್ಜಿಗಳು ಕೂರಿಸಿದ್ದಾರೆ. ಕೂರಿಸಿದ ಮೇಲೂ ಟೆನ್ಷನ್ ಅದೇ, ಸೂಜಿ ಅದೇ, ಬಾಬಿನ್ ಕೇಸ್ ಅದೇ. ನಾನು ಉಳಿಸಿ ಎನ್ನುತ್ತಿರುವುದು ಮೊಣಕಾಲಿನ ನೋವನ್ನಲ್ಲ, ಬೆರಳಿನ ತಿಳಿವಳಿಕೆಯನ್ನು.

ಈ ಯಂತ್ರಕ್ಕೆ ಭಾವುಕತೆಯ ಲೇಪ ನಮ್ಮಿಂದ ಶುರುವಾದದ್ದೂ ಅಲ್ಲ. 1924ರಲ್ಲಿ ಗಾಂಧೀಜಿ ಯಂತ್ರಗಳ ಮಾತು ಬಂದಾಗ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಹೊಲಿಗೆಯಲ್ಲಿ ಬಳಲುವುದನ್ನು ನೋಡಲಾರದೆ ಸಿಂಗರ್ ಪ್ರೀತಿಯಿಂದ ಅದನ್ನು ಮಾಡಿದ ಎಂಬುದು ಅವರು ಕೊಟ್ಟ ಕಾರಣ. ಚೆಂದದ ಕತೆ. ಆದರೆ ಐಸಾಕ್ ಸಿಂಗರ್ ಒಂದೇ ಕಾಲಕ್ಕೆ ಹಲವು ಸಂಸಾರ ನಡೆಸಿದ ಮನುಷ್ಯ, ಯಂತ್ರಕ್ಕೆ ಕೈ ಹಾಕಿದ್ದು ದುಡ್ಡಿಗೆ. ಅವನು ಪೇಟೆಂಟ್ ಪಡೆದದ್ದು 1851ರಲ್ಲಿ. ಸೂಜಿಯ ಕಣ್ಣನ್ನು ತುದಿಗೆ ತಂದು, ಎರಡು ದಾರ ಬಂಧಿಸುವ ಹೊಲಿಗೆಗೆ ಎಲಿಯಾಸ್ ಹೋವ್ 1846ರಲ್ಲೇ ಪೇಟೆಂಟ್ ತೆಗೆದುಕೊಂಡು, ಮುಂದೆ ಸಿಂಗರ್ ಮೇಲೆ ದಾವೆ ಹೂಡಿ ಗೆದ್ದ. ಗಾಂಧಿಯವರ ಔದಾರ್ಯ ದೊಡ್ಡದು. ಆದರೂ ಕತೆ ಗಂಡನ ಪ್ರೀತಿಯ ಸುತ್ತಲೇ ನಿಂತಿತು. ಮಷಿನ್ನಿನ ಮುಂದೆ ಕೂತ ಹೆಂಗಸಿಗೆ ಏನು ಗೊತ್ತಿತ್ತು ಎಂಬ ಪ್ರಶ್ನೆ ಅದರಲ್ಲಿಲ್ಲ. ನಮ್ಮ ಕವಿತೆಗಳಲ್ಲೂ ಇಲ್ಲ.

ಮೂರನೆಯದು, 'ಟೈಮ್ ಇಲ್ಲ.' ಇದಕ್ಕೆ ಉತ್ತರ ಕೊಡುವುದಿಲ್ಲ. ಕಳೆದ ತಿಂಗಳು ಎಷ್ಟು ವೆಬ್ ಸೀರೀಸ್ ಮುಗಿಸಿದಿರಿ ಎಂದು ನೀವೇ ಎಣಿಸಿಕೊಳ್ಳಿ.

ನನ್ನ ನಾಚಿಕೆಯನ್ನೂ ಹೇಳಿಬಿಡುತ್ತೇನೆ. ಇಂಜಿನಿಯರಿಂಗಿನ ನಾಲ್ಕು ವರ್ಷದ ಹಾಸ್ಟೆಲ್ ಖರ್ಚು ಹೋದದ್ದು ರವಿಕೆ, ಲಂಗ, ಶಾಲೆಯ ಯೂನಿಫಾರ್ಮಿನ ಹೊಲಿಗೆಯ ದುಡ್ಡಿನಿಂದ. ಅಪ್ಪನ ಗುಮಾಸ್ತಿಕೆಯ ಸಂಬಳ ಮನೆಗೇ ಸಾಲುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿಯಿಂದ ಎಂಟೆಕ್‌ವರೆಗೆ ತುಂಬಿದ ಪ್ರತಿ ಅರ್ಜಿಯಲ್ಲೂ 'ತಾಯಿಯ ಉದ್ಯೋಗ' ಎಂಬಲ್ಲಿ ನಾನು 'ಗೃಹಿಣಿ' ಎಂದೇ ಬರೆದೆ. ಎಂಟೆಕ್ ಅರ್ಜಿ ತುಂಬುವಾಗ ಅವ್ವ ಪಕ್ಕದಲ್ಲೇ ಕಾಜಾ ಹಾಕುತ್ತ ಕೂತಿದ್ದಳು. "ಅಲ್ಲೆ ಟೇಲರ್ ಅಂತ ಬರದ್ರ ನಡೀತಿತ್ತೇನಪಾ?" ಎಂದು ಕೇಳಿದಳು. ನಾನು ನಕ್ಕೆ. ಅವಳು ಮತ್ತೆ ಕೇಳಲಿಲ್ಲ. ಆ ನಗು ಈಗ ನನ್ನ ಗಂಟಲಲ್ಲಿ ಮುಳ್ಳಾಗಿದೆ.

ಮೇಜು ಮಾಡುವುದೂ ಕವಿತೆ ಬರೆಯುವುದೂ ಆ ನಗುವಿನ ಮುಂದುವರಿಕೆಯೇ. ಎರಡರಲ್ಲೂ ವಸ್ತುವನ್ನು ಇಟ್ಟುಕೊಂಡು ವಿದ್ಯೆಯನ್ನು ಕಿತ್ತು ಬಿಸಾಡುತ್ತೇವೆ. ತಾಯಿಯ ತ್ಯಾಗ ಒಪ್ಪುತ್ತೇವೆ, ತಾಯಿಯ ಪರಿಣತಿ ಒಪ್ಪುವುದಿಲ್ಲ. ತ್ಯಾಗಕ್ಕೆ ಒಂದು ಕವಿತೆ ಕೊಟ್ಟರೆ ಬಾಕಿ ತೀರುತ್ತದೆ. ಪರಿಣತಿಗೆ ಹಾಗಲ್ಲ, ಅವಳ ಮುಂದೆ ವಿದ್ಯಾರ್ಥಿಯಾಗಿ ಕೂರಬೇಕಾಗುತ್ತದೆ. ನಮಗೆ ಕಷ್ಟವಾಗುವುದು ಅದು.

ಏಳನೆಯ ಭಾನುವಾರ ಗವಸು ಮುಗಿಯಿತು. ಹುಬ್ಬಳ್ಳಿಗೆ ಕೊರಿಯರ್ ಮಾಡಿದೆ. ಅವ್ವ ಹೊಲಿಗೆಯ ಉದ್ದಕ್ಕೂ ಹೆಬ್ಬೆರಳು ಆಡಿಸಿ, ತಿರುವಿ ಹಾಕಿ ಕೆಳಗಿನ ಮಗ್ಗುಲಿಗೂ ಆಡಿಸಿದಳಂತೆ. ಸಂಜೆ ಫೋನ್ ಮಾಡಿ ಹೇಳಿದಳು: "ಹೊಲಿಗಿ ಸೊಟ್ಟ ಐತಿ. ಟೆನ್ಷನ್ ಸರಿ ಐತಿ." ನನ್ನ ಯಾವ ಅಪ್ರೇಸಲ್ಲಿನಲ್ಲೂ ಇಷ್ಟು ನೇರವಾದ ಮಾತು ಕೇಳಿರಲಿಲ್ಲ. ಬಡಿಗನಿಗೆ ಬೇಡ ಎಂದೆ. ಮಗಳು ಈಗ ಪ್ಲೈವುಡ್ ಮೇಜಿನ ಮೇಲೆ ಓದುತ್ತಾಳೆ, ಮಷಿನ್ನಿನ ಮೇಲೆ ನೋಟ್‌ಬುಕ್ ಹಾಳೆಗೆ ತೂತು ಹಾಕುತ್ತಾಳೆ. ಅವಳ ಗೆರೆ ನನ್ನದಕ್ಕಿಂತ ನೇರ.

ಈ ವರ್ಷ ಅವ್ವನ ಆರೋಗ್ಯ ವಿಮೆಯ ಅರ್ಜಿಯಲ್ಲಿ 'ಟೇಲರ್, ನಿವೃತ್ತ' ಎಂದು ಬರೆದೆ. ಏಜೆಂಟ್ ಫೋನ್ ಮಾಡಿ, "ಸರ್, ಹೌಸ್‌ವೈಫ್ ಅಂತ ಹಾಕಿದ್ರೆ ಸುಲಭ" ಎಂದ. ಬೇಡ, ಹಾಗೇ ಇರಲಿ ಎಂದೆ.

ಈ ದೀಪಾವಳಿಗೆ ಊರಿಗೆ ಹೋಗುವವರಿಗೆ ಒಂದು ಕೆಲಸ. ಅಟ್ಟದ ಮೇಲೋ ಮೂಲೆಯಲ್ಲೋ ಮಷಿನ್ ಇದ್ದರೆ ಅದರ ಫೋಟೋ ತೆಗೆಯಬೇಡಿ. ಒಂದು ಬಾಟಲಿ ಮಷಿನ್ ಎಣ್ಣೆ, ಒಂದು ಪ್ಯಾಕೆಟ್ ಸೂಜಿ, ಎರಡು ಬಣ್ಣದ ದಾರ ತಗೊಂಡು ಹೋಗಿ. ಅಮ್ಮನೋ ಅಜ್ಜಿಯೋ ಅತ್ತೆಯೋ ಇದ್ದರೆ ಪಕ್ಕದಲ್ಲಿ ಕುರ್ಚಿ ಹಾಕಿ ಕೂರಿಸಿ, ನೀವು ಮಷಿನ್ ಮುಂದೆ ಕೂತು, ಬಯ್ಯಿಸಿಕೊಳ್ಳಿ. ಫುಟ್ ಎತ್ತಿ ದಾರ ಹಾಕುವುದನ್ನು ಮರೆಯಬೇಡಿ.